ಕೆಂಪು ಕೂದಲಿನ ವೈನಿ, ಮೇ ತಿಂಗಳ ಮದುವೆ

ಪ್ರಶ್ನೆ: ನಮ್ಮಣ್ಣ ಸ್ಕಾಟ್ಲೆಂಡಿನ ಹುಡುಗಿಯನ್ನು ಮದುವೆಯಾಗುತ್ತಿದ್ದಾನೆ. ಮೇ ಮೊದಲ ವಾರ, ಧಾರವಾಡದ ನಮ್ಮ ಮನೆಯ ಮುಂದೆಯೇ ಹಂದರ ಹಾಕಿ ಮದುವೆ. ವೈನಿಯದು ತೀರ ಬಿಳಿ ಚರ್ಮ, ತಾಮ್ರವರ್ಣದ ಕೂದಲು. ಮುಖ, ಭುಜಗಳ ತುಂಬ ಕಂದು ಚುಕ್ಕೆಗಳಿವೆ. ಅಜ್ಜಿ ಅವನ್ನು ಬಂಗು ಎಂದುಕೊಂಡು ಅರಿಶಿಣ, ಕಡಲೆಹಿಟ್ಟು, ನಿಂಬೆರಸ ಕಲಸಿ ಹಚ್ಚೋಣ ಎನ್ನುತ್ತಾಳೆ. ಪಾರ್ಲರಿನವರು ದಪ್ಪ ಮೇಕಪ್ಪಿನಲ್ಲಿ ಚುಕ್ಕೆ ಮುಚ್ಚುತ್ತೇವೆ ಎನ್ನುತ್ತಾರೆ. ಯಾರ ಮಾತು ಕೇಳೋಣ?

ಉತ್ತರ: ಇಬ್ಬರ ಮಾತೂ ಬೇಡ. ಮೊದಲು ಅಜ್ಜಿಯವರ ಕೈಯಿಂದ ನಿಂಬೆಹಣ್ಣು ತೆಗೆದಿಡಿ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಗುಳ್ಳೆ ಏಳಬಹುದು, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಇದು ಯಾರ ಚರ್ಮಕ್ಕೂ ಆಗುವಂಥದ್ದು, ಅಷ್ಟು ಬಿಳಿಯ ಚರ್ಮಕ್ಕೆ ಬೇಗ ಆಗುತ್ತದೆ. ಇನ್ನು ಆ ಚುಕ್ಕೆಗಳು ಬಂಗೂ ಅಲ್ಲ, ರೋಗವೂ ಅಲ್ಲ. ಕೂದಲಿನ ಕೆಂಪು ಎಲ್ಲಿಂದ ಬಂದಿದೆಯೋ ಚುಕ್ಕೆಗಳೂ ಬಹುಮಟ್ಟಿಗೆ ಅಲ್ಲಿಂದಲೇ ಬಂದಿವೆ. ಎಂಸಿ1ಆರ್ ಎಂಬ ಜೀನಿನ ಕೆಲವು ರೂಪಗಳಿದ್ದವರ ದೇಹ ಕಪ್ಪು-ಕಂದು ಮೆಲನಿನ್ (ಚರ್ಮ, ಕೂದಲಿಗೆ ಬಣ್ಣ ಕೊಡುವ ವಸ್ತು) ಕಡಿಮೆ ಮಾಡಿ, ಕೆಂಪು-ಹಳದಿ ಮೆಲನಿನ್ ಹೆಚ್ಚು ಮಾಡುತ್ತದೆ. ಕೂದಲಿನ ಕೆಂಪಿಗೂ ಈ ಜೀನಿಗೂ ಇರುವ ನಂಟು ತಿಳಿದದ್ದು 1995ರಲ್ಲಿ. ನಮ್ಮ ಚರ್ಮವನ್ನು ಬಿಸಿಲಿನಿಂದ ಒಂದಿಷ್ಟು ಕಾಯುವುದು ಆ ಕಪ್ಪು ಮೆಲನಿನ್. ನಿಮ್ಮ ವೈನಿಗೆ ಆ ಕಾವಲು ತೀರ ಕಡಿಮೆ. ವೈದ್ಯರು ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ, ಅದರಲ್ಲಿ ಇವರದು ಮೊದಲನೆಯದು: ಬಿಸಿಲಿಗೆ ಕಪ್ಪಾಗುವುದೇ ಇಲ್ಲ, ಸುಡುತ್ತದೆ ಅಷ್ಟೇ.

ಹೀಗಾಗಿ ನೀವು ಕೇಳಿದ್ದು ಮೇಕಪ್ಪಿನ ವಿಷಯವಾದರೂ ನನ್ನ ಚಿಂತೆ ಹಂದರದ ಮೇಲಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೂನ್ ತಿಂಗಳ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 57 ಡಿಗ್ರಿಗಿಂತ ಮೇಲೇರುವುದಿಲ್ಲ. ಧಾರವಾಡದಲ್ಲಿ ಡಿಸೆಂಬರ್ ಚಳಿಯಲ್ಲೇ 51 ಡಿಗ್ರಿ ಏರುತ್ತಾನೆ. ಮೇ ಮೊದಲ ವಾರವಂತೂ ನಮ್ಮೂರಿನ ಮೇಲೆ ನೆಟ್ಟಗೆ ನಿಲ್ಲುತ್ತಾನೆ, ಅದೂ ಮಧ್ಯಾಹ್ನ ಸುಮಾರು 12.30ಕ್ಕೆ. ಲಗ್ನಪತ್ರಿಕೆಯಲ್ಲಿ ಅಭಿಜಿನ್ ಮುಹೂರ್ತ ಎಂದಿದ್ದರೆ ಅಕ್ಕಿಕಾಳು ಬೀಳುವುದೂ ಅದೇ ಹೊತ್ತಿಗೆ. ಮುಗಿಲು ತಿಳಿಯಾಗಿದ್ದರೆ ಆಗ ಅತಿನೇರಳೆ ಕಿರಣಗಳ ಸೂಚ್ಯಂಕ 11 ದಾಟಿರುತ್ತದೆ. ಅಳತೆಯ ಕೊನೆಯ ಮೆಟ್ಟಿಲು ಅದು. ಮುಹೂರ್ತ ಬದಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಹಂದರಕ್ಕೆ ತೆಳು ಬಿಳಿ ಬಟ್ಟೆಯ ಬದಲು ದಟ್ಟವಾದದ್ದನ್ನು ಎರಡು ಪದರ ಹಾಕಿಸಿ ಎಂದಂತೂ ಹೇಳಬಲ್ಲೆ. ಗೋಡೆ, ನೆಲದಿಂದ ಪುಟಿದ ಬೆಳಕೂ ಸುಡುತ್ತದೆ, ಆದ್ದರಿಂದ ನೆರಳಿದೆ ಎಂದು ಸನ್‌ಸ್ಕ್ರೀನ್ ಬಿಡುವಂತಿಲ್ಲ.

ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲಿಗೆ ಸುಡದಂತೆ ಕಾಯುವ ಅಳತೆ) 50 ಇರಲಿ, ಜೊತೆಗೆ ಪಿಎ (ಚರ್ಮದ ಆಳಕ್ಕಿಳಿಯುವ ಅತಿನೇರಳೆ ಕಿರಣ ತಡೆಯುವ ಅಳತೆ) ಗುರುತಿನ ಮುಂದೆ ನಾಲ್ಕು ಪ್ಲಸ್ ಇರಲಿ. ಆದರೆ ಡಬ್ಬಿಯ ಮೇಲಿನ ಅಂಕಿಗಿಂತ ಹಚ್ಚುವ ಪ್ರಮಾಣ ಮುಖ್ಯ. ಪ್ರಯೋಗಾಲಯದಲ್ಲಿ ಆ ಅಂಕಿ ಸಿಗುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ನಾವೆಲ್ಲ ಕಡಲೆಕಾಳಿನಷ್ಟು ತೆಗೆದುಕೊಂಡು ಸವರಿ ಮುಗಿಸುತ್ತೇವೆ. ಮುಖ, ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಬೇಕು. ಕಿವಿ, ಬ್ಲೌಸಿನ ಬೆನ್ನು, ಪಾದದ ಮೇಲ್ಭಾಗ ಮರೆಯಬೇಡಿ. ಬೈತಲೆಯ ಗೆರೆಯೂ ಸುಡುತ್ತದೆ. ತಲೆಯ ಮೇಲೆ ಸೆರಗು ಹೊದೆಯುವ ನಮ್ಮ ಕಡೆಯ ರೂಢಿ ಇಲ್ಲಿ ಬಹಳ ಉಪಕಾರಿ. ದಟ್ಟ ನೇಯ್ಗೆಯ ಇಳಕಲ್ಲ ಸೀರೆಯಾದರೆ ಇನ್ನೂ ಒಳ್ಳೆಯದು. ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ನಮ್ಮ ಮುಖದ ಮೇಲೆ ಬೂದಿ ಬಳಿದಂತೆ ಕಂಡರೂ ಅವರ ಮುಖದ ಮೇಲೆ ಕಾಣುವುದಿಲ್ಲ. ರಾತ್ರಿಯ ಫ್ಲ್ಯಾಶ್ ಫೋಟೋದಲ್ಲಿ ಮಾತ್ರ ಮುಖ ಬೆಳ್ಳಗೆ ಸುಣ್ಣ ಹಚ್ಚಿದಂತೆ ಬರಬಹುದು. ಸಂಜೆಯ ಆರತಕ್ಷತೆಗೆ ಮುಖ ತೊಳೆದು ಅದಿಲ್ಲದೆ ಮೇಕಪ್ ಮಾಡಿಸಿದರಾಯಿತು.

ಅರಿಶಿಣ ಬೇಡ ಎನ್ನುತ್ತಿಲ್ಲ. ಶಾಸ್ತ್ರಕ್ಕೆ ಬೇಕೇ ಬೇಕು. ಆದರೆ ಆ ಚರ್ಮದ ಮೇಲೆ ಹಳದಿ ಬೇಗ ಬಿಡುವುದಿಲ್ಲ, ಹಣೆಯಂಚಿನ ನವಿರು ಕೂದಲಿಗೂ ಹಿಡಿಯುತ್ತದೆ. ಎರಡು ದಿನ ಮೊದಲೇ ಅರಿಶಿಣ ಹಚ್ಚುವ ಶಾಸ್ತ್ರ ಇಟ್ಟುಕೊಳ್ಳಿ. ಮೊದಲು ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಕೈಕಾಲಿಗೆ ಧಾರಾಳವಾಗಿ, ಕೆನ್ನೆಗೆ ಒಂದು ಬೊಟ್ಟು ಹಚ್ಚಿ. ಅರಿಶಿಣದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ, ಆಮೇಲೆ ಎಣ್ಣೆಯಿಂದಲೇ ಒರೆಸಿ ತೆಗೆಯಬಹುದು. ಕುಂಕುಮಕ್ಕೆ ಹಿರಿಯರ ಕ್ರಮವೇ ಸರಿ: ಮೊದಲು ಮೇಣ, ಅದರ ಮೇಲೆ ಕುಂಕುಮ. ಬೆವರಿಗೆ ಇಳಿಯುವುದಿಲ್ಲ, ಬಣ್ಣ ನೇರವಾಗಿ ಚರ್ಮಕ್ಕೆ ತಾಗುವುದೂ ಇಲ್ಲ. ಮದರಂಗಿ ಎಲೆಯದ್ದಾಗಿದ್ದರೆ ಆಗಬಹುದು. ಒಂದು ಗಂಟೆಯಲ್ಲಿ ಕಪ್ಪಾಗುತ್ತದೆ ಎಂದು ಮಾರುವ ಕೋನ್ ಮನೆಯೊಳಗೆ ತರಲೇಬೇಡಿ. ಅದರಲ್ಲಿ ಕೂದಲಿಗೆ ಹಚ್ಚುವ ರಾಸಾಯನಿಕ ಬಣ್ಣ ಬೆರೆತಿರುತ್ತದೆ, ಕೆಲವರಿಗೆ ಕೈಯಿಡೀ ಗುಳ್ಳೆ ಏಳುತ್ತದೆ. ಹಚ್ಚುವ ಪ್ರತಿಯೊಂದನ್ನೂ ಎರಡು ದಿನ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿರಬೇಕು.

ಪಾರ್ಲರಿನವರ ಕೈ ನಮ್ಮ ಬಣ್ಣಕ್ಕೆ ಪಳಗಿದ್ದು, ಅದು ಅವರ ತಪ್ಪಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಗಳಲ್ಲಿ ಎಲ್ಲಕ್ಕಿಂತ ತಿಳಿಯಾದ ಫೌಂಡೇಶನ್ ಕೇಳಿದರೂ ಸಾಮಾನ್ಯವಾಗಿ ಹಳದಿ ಛಾಯೆಯದೇ ಕೈಗೆ ಬರುತ್ತದೆ. ವೈನಿಯ ಮುಖಕ್ಕೆ ಅದು ಎರಡನೆಯ ಸಲ ಅರಿಶಿಣ ಹಚ್ಚಿದಂತೆ. ವೈನಿ ತಾವು ದಿನವೂ ಬಳಸುವುದನ್ನೇ ತಮ್ಮ ಊರಿನಿಂದ ತರಲಿ, ಚುಕ್ಕೆಗಳು ಕಾಣುವಷ್ಟು ತೆಳ್ಳಗೆ ಹಚ್ಚಿರಿ. ಚುಕ್ಕೆ ಮುಚ್ಚಲು ಹೊರಟರೆ ಪದರದ ಮೇಲೆ ಪದರ ಬೇಕು. ಮೇ ತಿಂಗಳ ಬೆವರಿಗೆ ಅದು ಊಟದ ಹೊತ್ತಿಗೇ ಒಡೆಯುತ್ತದೆ. ಮುಖ ಮುಚ್ಚಿದರೂ ತೋಳಿನ ಚುಕ್ಕೆ ಎಲ್ಲಿ ಹೋಗುತ್ತವೆ? ಹುಬ್ಬಿಗೆ ಕಪ್ಪು ಪೆನ್ಸಿಲ್ ಬೇಡ, ಕೆಂಪು ಬೆರೆತ ತಿಳಿ ಕಂದು ಸಾಕು. ರೆಪ್ಪೆಗೆ ಕಂದು ಮಸ್ಕಾರ, ಕಾಡಿಗೆ ಬೇಕೇ ಬೇಕೆಂದರೆ ಕಂದು ಬಣ್ಣದ್ದೇ, ತೆಳು ಗೆರೆ. ತುಟಿಗೆ ಇಟ್ಟಿಗೆಗೆಂಪು ಅಥವಾ ಹವಳದ ಬಣ್ಣ. ಮದುವೆಗೆ ಮುಂಚಿನ ಬ್ಲೀಚ್, ಫೇಶಿಯಲ್ ಎರಡನ್ನೂ ಕೈಬಿಡಿ.

ಸೀರೆಗೆ ಹಸಿರು ಎಷ್ಟು ಒಪ್ಪುತ್ತದೆ ಎಂಬುದನ್ನು ಹಸಿರು ಬಳೆ ಏರಿಸಿದಾಗ ನೀವೇ ನೋಡುತ್ತೀರಿ. ಮುಡಿಗೆ ಅಬ್ಬಲಿಗೆ ತಂದರೆ ಆ ಕೂದಲಲ್ಲಿ ಹೂವೇ ಕಾಣುವುದಿಲ್ಲ, ಮಲ್ಲಿಗೆ, ಮರುಗ ಇರಲಿ. ಹಂದರದಲ್ಲಿ ಕುಳಿತ ಹಿರಿಯರಲ್ಲಿ ಒಬ್ಬರಾದರೂ, ಇಷ್ಟು ಚಿಕ್ಕ ವಯಸ್ಸಿಗೆ ತಲೆಗೆ ಮದರಂಗಿ ಯಾಕೆ ಎಂದು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ಇಷ್ಟಾಗಿಯೂ ಸಂಜೆಗೆ ಚರ್ಮ ಕೆಂಪಾಗಿ ಉರಿದರೆ ತಣ್ಣೀರಿನ ಬಟ್ಟೆ ಹಾಕಿ, ನೀರು ಕುಡಿಸಿ, ಎರಡು ಮೂರು ದಿನ ಬಿಸಿಲಿಗೆ ಕಳಿಸಬೇಡಿ. ಐಸ್, ಟೂತ್‌ಪೇಸ್ಟ್, ಅರಿಶಿಣ ಯಾವುದೂ ಬೇಡ. ಗುಳ್ಳೆ ಎದ್ದರೆ, ಚಳಿಜ್ವರ ಬಂದರೆ ಅಥವಾ ವಾಂತಿಯಾದರೆ ಬೀಗರೂಟ ಇದ್ದರೂ ಸರಿ, ಅಂದೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.