ದಾಖಲೆ ಪುಸ್ತಕ ಸಿಗದಿದ್ದಾಗ ವಿಚಾರಣೆ ಎಷ್ಟು ದುಬಾರಿ?

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾದ ಒಳಹಳ್ಳಿಗಳಲ್ಲಿ, ಸಿದ್ದಾಪುರದ ಘಟ್ಟದ ಅಂಚಿನಲ್ಲಿ ಹೈಸ್ಕೂಲು ಅಂದರೆ ಎಷ್ಟೋ ಮನೆಗಳಿಗೆ ಹಾಸ್ಟೆಲ್ಲು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬಸ್ಸಿಲ್ಲ. ಮಗು ಶಿರಸಿಯಲ್ಲೋ ಕಾರವಾರದಲ್ಲೋ ಉಳಿಯಬೇಕು. ಟ್ರಂಕು, ಚಾದರ, ತಟ್ಟೆ ಲೋಟ ಇಳಿಸಿ, ‘ಮಾಸ್ತರ್ರೇ, ನಿಮ್ಮ ಮೇಲೆ ಬಿಟ್ಟಿದ್ದೇವೆ’ ಅಂತ ಹೇಳಿ ಅಪ್ಪ ಅಮ್ಮ ವಾಪಸ್ ಬಸ್ ಹತ್ತುತ್ತಾರೆ. ಹೀಗೆ ಬೇರೆಯವರ ಕೈಗೆ ಒಪ್ಪಿಸಿದ ಮಕ್ಕಳ ಮೇಲೆ ಹಿಂದೆ ನಡೆದ ದೌರ್ಜನ್ಯದ ವಿಚಾರಣೆಗೆ ಐರ್ಲೆಂಡ್, ಸ್ಕಾಟ್ಲೆಂಡ್ ಈಗ ಕಟ್ಟುತ್ತಿರುವ ಲೆಕ್ಕವನ್ನು ನಾವೂ ಸ್ವಲ್ಪ ನೋಡಬೇಕು.

ಐರ್ಲೆಂಡಿನಲ್ಲಿ ಬಡವರ, ಅನಾಥರ ಮಕ್ಕಳನ್ನು ‘ಕೈಗಾರಿಕಾ ಶಾಲೆ’ಗಳಿಗೆ ಸೇರಿಸುತ್ತಿದ್ದರು. ನಡೆಸುತ್ತಿದ್ದದ್ದು ಹೆಚ್ಚಾಗಿ ಕ್ರೈಸ್ತ ಧಾರ್ಮಿಕ ಸಂಘಗಳು. ತಲೆಗಿಷ್ಟು ಅಂತ ಹಣ ಕೊಡುತ್ತಿದ್ದದ್ದು ಸರ್ಕಾರ. ಅಲ್ಲಿನ ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯದ ಮಾತು ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಡಲಿಲ್ಲ. 1999ರ ಮೇ 11ರಂದು ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಮರುವರ್ಷ ಕಾನೂನು ಬಂತು, ಆಯೋಗ ಕೂತಿತು. ಎರಡು ವರ್ಷದಲ್ಲಿ ಮುಗಿಯುತ್ತದೆ, 25 ಲಕ್ಷ ಯೂರೊ ಸಾಕು ಅಂತ ಆಗಿನ ಅಂದಾಜು.

ಆದದ್ದೇ ಬೇರೆ. ಸರ್ಕಾರ ಸರಿಯಾಗಿ ಸಹಕರಿಸುತ್ತಿಲ್ಲ ಅಂತ 2003ರಲ್ಲಿ ಆಯೋಗದ ಅಧ್ಯಕ್ಷೆ ಮೇರಿ ಲಾಫಾಯ್ ರಾಜೀನಾಮೆ ಕೊಟ್ಟರು. ಶಾಲೆ ನಡೆಸಿದ ಸಂಘವೊಂದು ಆರೋಪ ಹೊತ್ತ ತನ್ನವರ ಹೆಸರು ಬಹಿರಂಗ ಮಾಡಬಾರದು ಅಂತ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಶಾನ್ ರಯಾನ್ ಕೈಯಲ್ಲಿ ಕೆಲಸ ಮುಗಿದು ವರದಿ ಬಂದದ್ದು 2009ರ ಮೇ ತಿಂಗಳಲ್ಲಿ. ಐದು ಸಂಪುಟ, ಸುಮಾರು 2,600 ಪುಟ. ಅಷ್ಟೊಂದು ಪುಟಗಳಲ್ಲಿ ಆರೋಪ ಹೊತ್ತವರಿಗೆ ಬಹುಪಾಲು ಸುಳ್ಳು ಹೆಸರು.

2015ರ ಕೊನೆಯ ಹೊತ್ತಿಗೆ ಆಯೋಗದ ಖರ್ಚು ಒಂದೇ 8.2 ಕೋಟಿ ಯೂರೊ ಮುಟ್ಟಿತ್ತು. ನಮ್ಮ ದುಡ್ಡಿನಲ್ಲಿ 700 ಕೋಟಿ ರೂಪಾಯಿಗೂ ಜಾಸ್ತಿ. ಸಂತ್ರಸ್ತರ ಪರಿಹಾರ, ಅದರ ವಕೀಲರ ಫೀಸು ಎಲ್ಲ ಸೇರಿದರೆ ಸುಮಾರು 150 ಕೋಟಿ ಯೂರೊ. ಇದರಲ್ಲಿ ಶಾಲೆ ನಡೆಸಿದವರು 2002ರ ಒಪ್ಪಂದದಲ್ಲಿ ಒಪ್ಪಿಕೊಂಡದ್ದು 12.8 ಕೋಟಿ. ಬದಲಿಗೆ ಮುಂದಿನ ದಾವೆಗಳ ಹೊಣೆಯನ್ನು ಸರ್ಕಾರ ತನ್ನ ತಲೆ ಮೇಲೆ ಹಾಕಿಕೊಂಡಿತು! ವರದಿ ಬಂದ ಮೇಲೆ ಸಂಘಗಳು ಇನ್ನಷ್ಟು ಕೊಡಲು ಒಪ್ಪಿದವು ಅನ್ನಿ. ಆದರೂ ದೊಡ್ಡ ಪಾಲು ಬಿದ್ದದ್ದು ತೆರಿಗೆ ಕಟ್ಟುವವರ ಜೇಬಿಗೆ.

ಸ್ಕಾಟ್ಲೆಂಡಿನ ವಿಚಾರಣೆ ಶುರುವಾದದ್ದು 2015ರ ಅಕ್ಟೋಬರ್‌ನಲ್ಲಿ. ನಾಲ್ಕು ವರ್ಷದ ಗಡುವು ಇತ್ತು. ಮೊದಲ ವರ್ಷವೇ ಅಧ್ಯಕ್ಷೆ ಬದಲಾದರು. ಆಮೇಲೆ ಗಡುವನ್ನೇ ತೆಗೆದು, ‘ಸಾಧ್ಯವಾದಷ್ಟು ಬೇಗ’ ಅಂತ ಬರೆದರು. ಅಧ್ಯಕ್ಷೆ ಲೇಡಿ ಸ್ಮಿತ್ ಒಂದೊಂದೇ ಸಂಸ್ಥೆಯನ್ನು ಹಿಡಿದು ವರದಿ ಕೊಡುತ್ತಾ ಬಂದಿದ್ದಾರೆ. ಎಲ್ಲ ಮುಗಿಯುವ ತನಕ ಕಾದಿದ್ದರೆ ಎಷ್ಟು ಮುದುಕರು ಬದುಕಿರುತ್ತಿದ್ದರು? ಹಾಗಾಗಿ ಈ ಕ್ರಮ ನನಗೆ ಸರಿ ಅನ್ನಿಸುತ್ತದೆ. ಪರಿಹಾರಕ್ಕೂ ಅವರು ವಿಚಾರಣೆ ಮುಗಿಯಲಿ ಅಂತ ಕಾಯಲಿಲ್ಲ. 2021ರ ಡಿಸೆಂಬರ್‌ನಲ್ಲೇ ಯೋಜನೆ ತೆರೆದರು. 10,000 ಪೌಂಡಿನಿಂದ 1 ಲಕ್ಷ ಪೌಂಡಿನವರೆಗೆ ಕೊಡುತ್ತಾರೆ.

ಇಷ್ಟು ಸಮಯ, ಇಷ್ಟು ದುಡ್ಡು ಯಾಕೆ? ವಕೀಲರು ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣ ಕಾಗದ. ಎಪ್ಪತ್ತು ವರ್ಷದ ಒಬ್ಬರು ಬಂದು, ‘ನಾನು ಆ ಮನೆಯಲ್ಲಿ ಬೆಳೆದವನು’ ಅನ್ನುತ್ತಾರೆ. ‘ಇದ್ದಿರಿ ಅನ್ನೋದಕ್ಕೆ ಏನು ಪುರಾವೆ?’ ಅನ್ನುತ್ತದೆ ಸಂಸ್ಥೆ. ದಾಖಲೆ ಪುಸ್ತಕ ಇಲ್ಲ, ಇದ್ದರೆ ಅರ್ಧ. ಟಾಮ್ ಶಾ ಎಂಬವರು 2007ರಲ್ಲಿ ಸ್ಕಾಟ್ಲೆಂಡ್ ಸರ್ಕಾರಕ್ಕೆ ಕೊಟ್ಟ ವರದಿ ಇದನ್ನೇ ಎತ್ತಿ ತೋರಿಸಿತು. ಅದರ ಫಲವಾಗಿ 2011ರಲ್ಲಿ ಸಾರ್ವಜನಿಕ ದಾಖಲೆಗಳ ಹೊಸ ಕಾನೂನೇ ಬಂತು.

ನಮ್ಮ ಕಡೆಯ ಹಾಸ್ಟೆಲ್ಲಿನ ಹಳೇ ಕಪಾಟು ತೆಗೆದು ನೋಡಿ. ಕೆಂಪು ಬಟ್ಟೆಯ ಗಂಟು, ಅದರೊಳಗೆ ಉದ್ದನೆಯ ರಿಜಿಸ್ಟರು. ಕರಾವಳಿಯ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಘಟ್ಟದ ಮೇಲಾದರೆ ಒರಲೆ ಅಂಚು ತಿಂದಿರುತ್ತದೆ. ಅಕ್ಕಿ, ಬೇಳೆಯ ಲೆಕ್ಕ ಮಾತ್ರ ಚೊಕ್ಕ, ಯಾಕೆಂದರೆ ಅದಕ್ಕೆ ಆಡಿಟ್ ಇದೆ. ಮಗು ಯಾಕೆ ನಡುವೆಯೇ ಬಿಟ್ಟುಹೋಯಿತು ಅನ್ನುವ ಕಡೆ ‘ಸ್ವಂತ ಕಾರಣ’ ಅಂತ ಇದ್ದರೆ ನಾಳೆ ಯಾವ ಆಯೋಗ ಏನು ಓದೀತು?

ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ. ಬಿಹಾರ ಸರ್ಕಾರದ ಕೋರಿಕೆ ಮೇಲೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಅಲ್ಲಿನ ನೂರಕ್ಕೂ ಹೆಚ್ಚು ಆಶ್ರಯ ಮನೆಗಳಿಗೆ ಹೋಗಿ, ಅಲ್ಲಿದ್ದವರ ಜೊತೆ ಕೂತು ಮಾತಾಡಿತು. ಮುಜಫ್ಫರ್‌ಪುರದ ಬಾಲಕಿಯರ ಆಶ್ರಯ ಮನೆಯ ಲೈಂಗಿಕ ದೌರ್ಜನ್ಯದ ಪ್ರಕರಣ 2018ರಲ್ಲಿ ಹೊರಬಿದ್ದದ್ದು ಹಾಗೆ. 2020ರಲ್ಲಿ ದೆಹಲಿ ನ್ಯಾಯಾಲಯ ಶಿಕ್ಷೆಯನ್ನೂ ಕೊಟ್ಟಿತು. ಸಾಕ್ಷಿ ಹೇಳುವವರು ಇನ್ನೂ ಮಕ್ಕಳಾಗಿದ್ದಾಗಲೇ ಹೋಗಿ ಕೇಳಿದ್ದರಿಂದ ಇದಾಯಿತು.

2015ರ ಬಾಲನ್ಯಾಯ ಕಾಯ್ದೆಯ 54ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಮಕ್ಕಳಿರುವ ಜಾಗಗಳಿಗೆ ಮೂರು ತಿಂಗಳಿಗೊಮ್ಮೆಯಾದರೂ ಪರಿಶೀಲನಾ ಸಮಿತಿ ಹೋಗಬೇಕು. ಕನಿಷ್ಠ ಮೂವರು, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯರು. ಒಂದು ವಾರದಲ್ಲಿ ವರದಿ ಕೊಡಬೇಕು. ಒಂದು ಕಾಗದಕ್ಕಾಗಿ ಘಟ್ಟ ಇಳಿದು ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗುವುದು ಶಿರಸಿಯವರಿಗೆ ಹೊಸದೇನಲ್ಲ, ಅಲ್ವಾ? ಈ ವರದಿಯನ್ನೂ ಒಮ್ಮೆ ಕೇಳಿ ನೋಡಬಹುದು. ಪಾಲಕರ ಸಭೆಯಲ್ಲಿ ಅದನ್ನು ಓದಿ ಹೇಳಿದ್ದನ್ನಂತೂ ನಾನು ಕೇಳಿಲ್ಲ.