ಸೇತುವೆಯ ಸಂದಿನಲ್ಲಿ ಏನಿದೆ?

ಪುಣೆ ಕಡೆಯಿಂದ ಮುಂಬೈಗೆ ಹೋಗುವಾಗ ಈ ಸಲ ಅಟಲ್ ಸೇತು ಹಿಡಿದೆವು. 2024ರ ಜನವರಿಯಲ್ಲಿ ತೆರೆದ ಸೇತುವೆ. ಒಟ್ಟು 21.8 ಕಿಲೋಮೀಟರ್, ಅದರಲ್ಲಿ ಸುಮಾರು 16.5 ಸಮುದ್ರದ ಮೇಲೆ. ಎಲ್ಲರೂ ನೀರು ನೋಡುತ್ತಿದ್ದರು. ನನ್ನ ಕಿವಿ ಮಾತ್ರ ಟೈರಿನ ಕೆಳಗಿತ್ತು. ದಡ್... ದಡ್... ದಡ್.

"ಇಷ್ಟು ಹೊಸ ಸೇತುವೆ, ಆಗಲೇ ಸಂದು ಬಿಟ್ಟಿದೆಯಲ್ಲ" ಎಂದರು ಭಾವ.

ತಾನಾಗಿ ಬಿಟ್ಟ ಸಂದಲ್ಲ ಅದು, ಬೇಕೆಂದೇ ಬಿಟ್ಟದ್ದು. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ. ಒಂದು ಮೀಟರ್ ಕಾಂಕ್ರೀಟ್ ಒಂದು ಡಿಗ್ರಿಗೆ ಹಿಗ್ಗುವುದು ಮಿಲಿಮೀಟರಿನ ನೂರನೇ ಒಂದು ಪಾಲು ಅಷ್ಟೇ. ಕೂದಲಿಗಿಂತ ಸಣ್ಣ. ಆದರೆ 16.5 ಕಿಲೋಮೀಟರಿಗೆ, 20 ಡಿಗ್ರಿಗೆ ಲೆಕ್ಕ ಹಾಕಿ: ಮೂರು ಮೀಟರಿಗೂ ಜಾಸ್ತಿ! ಎಲ್ಲೂ ಸಂದು ಬಿಡದಿದ್ದರೆ ಅದೆಲ್ಲ ಹೋಗುವುದೆಲ್ಲಿಗೆ? ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ವಾ, ಹಾಗೆ ಸೇತುವೆಯ ತುಂಡುಗಳು ಒಂದನ್ನೊಂದು ಒತ್ತಿ ಸೀಳಿಕೊಳ್ಳುತ್ತವೆ.

ನಮ್ಮ ಕಮ್ಮಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಾಡಿಯ ಚಕ್ರಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಪಟ್ಟಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದರು. ಹಿಗ್ಗಿದ ಪಟ್ಟಿಯನ್ನು ಮರದ ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಚುಂಯ್ ಎಂದು ಕುಗ್ಗಿ, ಮೊಳೆಯೇ ಬೇಡ ಎನ್ನುವಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು. ಆ ಬಲವೇ ಸೇತುವೆಯಲ್ಲೂ ಇದೆ. ಅಲ್ಲಿ ಬಳಸಿಕೊಂಡರು, ಇಲ್ಲಿ ದಾರಿ ಬಿಟ್ಟರು.

ದಾರಿ ಬಿಡುವ ರೀತಿ ನನಗೆ ಬಹಳ ಇಷ್ಟ. ತೊಲೆಯನ್ನು ಕಂಬಕ್ಕೆ ಅಂಟಿಸಿಬಿಡುವುದಿಲ್ಲ. ನಡುವೆ ರಬ್ಬರಿನ ದಪ್ಪ ದಿಂಬು ಇಡುತ್ತಾರೆ, ಒಳಗೆ ಉಕ್ಕಿನ ತಗಡುಗಳ ಪದರ. ಅದು ಭಾರ ಹೊರುತ್ತದೆ, ಆದರೆ ಅಡ್ಡಕ್ಕೆ ವಾಲುತ್ತದೆ. ಮೇಲೆ ಸಂದು ದೊಡ್ಡದಿದ್ದರೆ ಕೆಲವು ಕಡೆ ಎರಡು ಉಕ್ಕಿನ ಬಾಚಣಿಗೆ ಎದುರುಬದುರು ಕೂರಿಸುತ್ತಾರೆ. ಹಲ್ಲುಗಳು ಒಂದರೊಳಗೊಂದು ಸರಿದಾಡುತ್ತವೆ. ಸಂದು ಎಷ್ಟೇ ಅಗಲವಾದರೂ ಟೈರಿನ ಕೆಳಗೆ ಹಲ್ಲು ಇದ್ದೇ ಇರುತ್ತದೆ.

ಇನ್ನೊಂದು ಮಾತು. ಕಾಂಕ್ರೀಟ್ ಮತ್ತು ಒಳಗಿನ ಕಬ್ಬಿಣ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಾಗಿಲ್ಲದಿದ್ದರೆ ಆರ್‌ಸಿಸಿ ಮನೆಯೂ ಇರುತ್ತಿರಲಿಲ್ಲ, ಈ ಸೇತುವೆಯೂ ಇರುತ್ತಿರಲಿಲ್ಲ.

ರಾತ್ರಿ ಶೀಟಿನ ಮನೆಯ ಮಾಡು ಟಕ್ ಟಕ್ ಎಂದರೆ ದೆವ್ವ ನಡೆದಾಡುತ್ತಿದೆ ಎಂದು ಇಂದಿಗೂ ಮಕ್ಕಳನ್ನು ಹೆದರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಗಲು ಹಿಗ್ಗಿದ ತಗಡು ತಣ್ಣಗಾಗಿ ಕುಗ್ಗುವ ಸದ್ದು ಅದು. ಕೈ ಹಿಡಿದು ಕರೆದೊಯ್ದು ತೋರಿಸಿ.

ಸೇತುವೆ ಮೇಲೆ ಗಾಡಿ ನಿಲ್ಲಿಸುವಂತಿಲ್ಲ, ಸಂದನ್ನು ನೋಡಲಾಗಲಿಲ್ಲ. ಸಂಜೆ ವಾಪಸಾಗುವಾಗ ಭಾವ ಕಿಟಕಿ ಇಳಿಸಿ ಕಿವಿ ಕೊಟ್ಟರು. "ಈಗ ಬಿಸಿಲಿಗೆ ಕಾದಿದೆ, ಸಂದು ಬೆಳಿಗ್ಗೆಗಿಂತ ಕಿರಿದಾಗಿರಬೇಕು ಅಲ್ವಾ?" ಎಂದು ಕೇಳಿದರು.