ಒಂದೇ ಕಾಮಿಕ್ಸಿಗೆ ಅತಿ ಹೆಚ್ಚು ಕಾಲ ಅಂಟಿಕೊಂಡು ಕೂತವರು ಯಾರು?

ಪ್ರಶ್ನೆ: ಒಂದೇ ಕಾಮಿಕ್ಸ್ ಸರಣಿಯನ್ನು ಅತಿ ಹೆಚ್ಚು ಕಾಲ ಬರೆದವರು, ಚಿತ್ರ ಬಿಡಿಸಿದವರು ಯಾರು? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಹೇಳುವವರೆಲ್ಲ ಹೆಚ್ಚುಕಡಿಮೆ ಸರಿಯೇ. ಒಬ್ಬರು ಸಂಚಿಕೆ ಎಣಿಸುತ್ತಾರೆ, ಇನ್ನೊಬ್ಬರು ವರ್ಷ ಎಣಿಸುತ್ತಾರೆ, ಮತ್ತೊಬ್ಬರು ಸಂಪುಟ. ನಾನಾದರೆ ಮೊದಲು ಒಂದೇ ಮಾತು ಕೇಳುತ್ತೇನೆ: ಪೆನ್ಸಿಲ್ ಯಾರ ಕೈಯಲ್ಲಿತ್ತು?

ಅಮೆರಿಕದ ಮಾಮೂಲಿ ಕಾಮಿಕ್ಸ್ ತಿಂಗಳಿಗೊಂದು ಸಂಚಿಕೆ. ಒಂದರಲ್ಲಿ ಸುಮಾರು 20ರಿಂದ 22 ಪುಟ ಕಥೆ. ದಿನಕ್ಕೆ ಒಂದು ಪುಟ ಪೆನ್ಸಿಲ್‌ನಲ್ಲಿ ಮುಗಿಸಿದರೆ ಒಳ್ಳೆಯ ವೇಗ ಅಂತಲೇ ಲೆಕ್ಕ. ಅಂದರೆ ತಿಂಗಳು ಪೂರ್ತಿ ಅದಕ್ಕೇ ಹೋಯಿತು. ಬರೆಯುವವರ ಕಥೆ ಹಾಗಲ್ಲ. ಒಂದೇ ತಿಂಗಳಲ್ಲಿ ಮೂರ್ನಾಲ್ಕು ಸರಣಿ ಬರೆಯುವವರು ಇದ್ದಾರೆ. 'ಬೆಟ್ಟದ ಮೇಲಿಂದ ನೂರು ಸೈನಿಕರು ಇಳಿದು ಬರುತ್ತಾರೆ' ಅಂತ ಬರೆಯೋಕೆ ಅರ್ಧ ನಿಮಿಷ ಸಾಕು. ಆ ನೂರು ಹೆಲ್ಮೆಟ್, ನೂರು ಜೊತೆ ಬೂಟು ಬಿಡಿಸೋರು ಯಾರು? ಅದಕ್ಕೇ ಒಂದು ಸರಣಿಯಲ್ಲಿ ಬರಹಗಾರರು ವರ್ಷಗಟ್ಟಲೆ ಉಳಿಯುತ್ತಾರೆ, ಕಲಾವಿದರು ಬದಲಾಗುತ್ತಾ ಇರುತ್ತಾರೆ.

ಕ್ರಿಸ್ ಕ್ಲೇರ್‌ಮಾಂಟ್ ಇದಕ್ಕೆ ಚೆಂದದ ಉದಾಹರಣೆ. ಎಕ್ಸ್-ಮೆನ್ ಅವರ ಕೈಗೆ ಬಂದಿದ್ದು 1975ರಲ್ಲಿ, 94ನೇ ಸಂಚಿಕೆಯಿಂದ. ಬಿಟ್ಟಿದ್ದು 1991ರಲ್ಲಿ. ಹದಿನಾರು ವರ್ಷ! ಅಷ್ಟರಲ್ಲಿ ಡೇವ್ ಕಾಕ್ರಮ್, ಜಾನ್ ಬರ್ನ್, ಪಾಲ್ ಸ್ಮಿತ್, ಜಾನ್ ರೊಮಿಟಾ ಜೂನಿಯರ್, ಮಾರ್ಕ್ ಸಿಲ್ವೆಸ್ಟ್ರಿ, ಜಿಮ್ ಲೀ ಎಲ್ಲರೂ ಬಂದು ಚಿತ್ರ ಬಿಡಿಸಿದರು. ಬರಹಗಾರ ಮಾತ್ರ ಅದೇ ಮನುಷ್ಯ. ಹೊರಬಿದ್ದಿದ್ದು ಕೂಡ ದಣಿದು ಅಲ್ಲ. ಕಥೆ ಯಾವ ಕಡೆ ಹೋಗಬೇಕು ಅನ್ನುವ ಜಗಳದಲ್ಲಿ. ಪಾತ್ರಗಳು ಕಂಪನಿಯವು, ಬರೆದವರದ್ದಲ್ಲ. ಹೀಗಾಗಿ ಜಗಳ ಆದಾಗ ಹೊರಗೆ ಹೋಗೋದು ಬರಹಗಾರನೇ.

ಹಾಗಾದರೆ ಇಬ್ಬರೂ ಬದಲಾಗದೆ ಉಳಿದ ಜೋಡಿ? ಇಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಸ್ಟಾನ್ ಲೀ, ಜ್ಯಾಕ್ ಕರ್ಬಿ ಸೇರಿ ಫೆಂಟಾಸ್ಟಿಕ್ ಫೋರ್ ಸರಣಿಯನ್ನು 1961ರಿಂದ 1970ರವರೆಗೆ ಬಿಡದೆ 102 ಸಂಚಿಕೆ ಮಾಡಿದರು. ಅದೇ ಹೊತ್ತಿಗೆ ಕರ್ಬಿ ಬೇರೆ ಸರಣಿಗಳಿಗೂ ಬಿಡಿಸುತ್ತಿದ್ದರು ಅನ್ನೋದನ್ನು ಮರೆಯಬೇಡಿ. ಇನ್ನೂ ಒಂದು ವಿಷಯ: ಅಲ್ಲಿ ಪೂರ್ತಿ ಸ್ಕ್ರಿಪ್ಟ್ ಇರುತ್ತಲೇ ಇರಲಿಲ್ಲ. ಕಥೆಯ ಎಳೆ ಮಾತಾಡಿಕೊಳ್ಳುವುದು, ಕರ್ಬಿ ಪುಟಗಳನ್ನು ಬಿಡಿಸಿ ಕೊಡುವುದು, ಲೀ ಆಮೇಲೆ ಸಂಭಾಷಣೆ ತುಂಬುವುದು. ಹಾಗಾದರೆ ಕಥೆ ಬರೆದವರು ಯಾರು? ಈ ವಾದ ಇವತ್ತಿಗೂ ಮುಗಿದಿಲ್ಲ. ನನ್ನ ಓಟು ಕರ್ಬಿಗೇ ಸ್ವಲ್ಪ ಜಾಸ್ತಿ.

ಆ 102ರ ದಾಖಲೆ ಮುರಿದಿದ್ದು 2007ರಲ್ಲಿ. ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ಸರಣಿಯಲ್ಲಿ ಬ್ರಯಾನ್ ಮೈಕೇಲ್ ಬೆಂಡಿಸ್ ಬರೆದರು, ಮಾರ್ಕ್ ಬ್ಯಾಗ್ಲಿ ಬಿಡಿಸಿದರು. ಬಿಡುವಿಲ್ಲದೆ 111 ಸಂಚಿಕೆ. ಸರಣಿ ಶುರುವಾಗಿದ್ದು 2000ದಲ್ಲಿ. ಏಳು ವರ್ಷಕ್ಕೆ ಹಂಚಿ ನೋಡಿ, ವರ್ಷಕ್ಕೆ ಸುಮಾರು 16 ಬರುತ್ತೆ. ಇರೋದು 12 ತಿಂಗಳು, ಅಲ್ವಾ! ತಿಂಗಳಿಗೊಂದು ಮುಗಿಸೋದೇ ಕಷ್ಟ ಅನ್ನುವಾಗ ಬ್ಯಾಗ್ಲಿ ವರ್ಷಕ್ಕೆ ನಾಲ್ಕು ಎಕ್ಸ್‌ಟ್ರಾ ಕೊಟ್ಟಿದ್ದಾರೆ. ಪೆನ್ಸಿಲ್ ಗೆರೆಗಳ ಮೇಲೆ ಮಸಿ ಹಚ್ಚುವ ಇಂಕರ್ ಬೇರೆಯವರು ಇದ್ದರು, ನಿಜ. ಆದರೂ ಅದೇನು ಸುಮ್ನೆ ಮಾತಲ್ಲ.

ಬರೆಯೋದು, ಬಿಡಿಸೋದು ಎರಡೂ ಒಬ್ಬರೇ ಅಂದರೆ ಲೆಕ್ಕದ ಪುಸ್ತಕ ಬೇರೆಯೇ ತೆರೆಯಬೇಕು. ಕೆನಡಾದ ಡೇವ್ ಸಿಮ್ 1977ರಲ್ಲಿ ಸೆರೆಬಸ್ ಅಂತ ಒಂದು ಕಪ್ಪು-ಬಿಳುಪು ಕಾಮಿಕ್ಸ್ ಶುರು ಮಾಡಿದರು. ನಾಯಕ ಒಂದು ಆರ್ಡ್‌ವಾರ್ಕ್, ಅಂದರೆ ಉದ್ದ ಮೂತಿಯ ಆಫ್ರಿಕಾದ ಪ್ರಾಣಿ. ಅದರ ಕೈಯಲ್ಲಿ ಕತ್ತಿ. ಶುರುವಾಗಿ ಕೆಲವೇ ವರ್ಷಕ್ಕೆ 'ಇದು 300 ಸಂಚಿಕೆ ನಡೆಯುತ್ತೆ, ಅಲ್ಲಿಗೆ ಮುಗಿಯುತ್ತೆ' ಅಂತ ಘೋಷಿಸಿಬಿಟ್ಟರು. ಹೇಳಿದ ಹಾಗೇ ಮಾಡಿದರು. 300ನೇದು ಬಂದಿದ್ದು 2004ರ ಮಾರ್ಚಲ್ಲಿ, ಒಟ್ಟು ಸುಮಾರು 6,000 ಪುಟ. ಪ್ರಕಾಶಕರೂ ಅವರೇ. 'ಇನ್ನು ನಿಲ್ಲಿಸಿ' ಅಂತ ಹೇಳೋ ಬಾಸೇ ಇರಲಿಲ್ಲ.

ಆದರೆ ಪೂರ್ತಿ ಒಂಟಿ ಕೆಲಸ ಅಂತಲೂ ಅನ್ನೋಕಾಗಲ್ಲ. 65ನೇ ಸಂಚಿಕೆಯಿಂದ ಗೆರ್ಹಾರ್ಡ್ ಎನ್ನುವ ಕಲಾವಿದ ಜೊತೆಯಾದರು. ಪಾತ್ರಗಳು ಸಿಮ್ ಅವರದು, ಹಿನ್ನೆಲೆ ಇವರದು. ಒಂದು ಪುಟವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತೆ. ಪಾತ್ರದ ಮೈಗೆ ನಾಲ್ಕು ದಪ್ಪ ಗೆರೆ. ಹಿಂದಿನ ಗೋಡೆ, ಮರದ ಹಲಗೆ, ಮೆಟ್ಟಿಲ ಮೇಲಿನ ನೆರಳು ಎಲ್ಲವೂ ಕೂದಲೆಳೆಯ ಅಡ್ಡ-ಉದ್ದ ಗೆರೆಗಳಲ್ಲಿ. ಒಂದು ಗೋಡೆಗೇ ಎಷ್ಟು ಗಂಟೆ ಹಿಡಿಯಿತೋ. ಓದಬೇಕು ಅನ್ನುವವರಿಗೆ ಒಂದು ಮಾತು: ನಡುವಿನ ಭಾಗ ಅದ್ಭುತ. ಹೆಂಗಸರ ಬಗ್ಗೆ ಸಿಮ್ ಬರೆದ ಮಾತುಗಳಿಂದಾಗಿ ಆಮೇಲೆ ಎಷ್ಟೋ ಓದುಗರು ಕೈಬಿಟ್ಟರು. ನನಗೂ ಕೊನೆಯ ಭಾಗ ಗಂಟಲಲ್ಲಿ ಇಳಿಯಲಿಲ್ಲ.

ಎರಿಕ್ ಲಾರ್ಸನ್ ಅವರ ಸ್ಯಾವೇಜ್ ಡ್ರ್ಯಾಗನ್ ಶುರುವಾಗಿದ್ದು 1992ರಲ್ಲಿ. 250 ಸಂಚಿಕೆ ದಾಟಿದೆ. ಬರೆಯೋದು, ಬಿಡಿಸೋದು ಅವರೇ. ಅದರಲ್ಲಿ ಪಾತ್ರಗಳಿಗೆ ನಿಜವಾಗಿಯೂ ವಯಸ್ಸಾಗುತ್ತೆ. ಮಗುವಾಗಿದ್ದವನು ಬೆಳೆದು ಅಪ್ಪನಾಗಿ, ಈಗ ಕಥೆಯ ನಾಯಕನೇ ಆಗಿದ್ದಾನೆ. ಸಿಮ್, ಲಾರ್ಸನ್ ಇಬ್ಬರಿಗೂ ಪಾತ್ರ ತಮ್ಮದೇ ಆಸ್ತಿ. ಕ್ಲೇರ್‌ಮಾಂಟ್‌ಗೆ ಇಲ್ಲದ ಅನುಕೂಲ ಅದೇ.

ಜಪಾನಿಗೆ ಹೋದರೆ ಅಂಕಿಗಳೇ ಬೇರೆ. ಒಸಾಮು ಅಕಿಮೊಟೊ ಅವರ ಕೊಚಿಕಾಮೆ ಟೋಕಿಯೋದ ಒಬ್ಬ ಎಡವಟ್ಟು ಪೊಲೀಸಿನವನ ಕಥೆ. 1976ರಿಂದ 2016ರವರೆಗೆ, ನಲವತ್ತು ವರ್ಷ, ವಾರ ತಪ್ಪದೆ ಬಂತು. ಸರಿಯಾಗಿ 200 ಸಂಪುಟಕ್ಕೆ ನಿಲ್ಲಿಸಿದರು. ಒಂದೇ ಸರಣಿಗೆ ಅತಿ ಹೆಚ್ಚು ಸಂಪುಟ ಎನ್ನುವ ಆ ದಾಖಲೆ ಮುರಿದಿದ್ದು ತಕಾವೊ ಸೈತೊ ಅವರ ಗೋಲ್ಗೊ 13. ಬಾಡಿಗೆ ಹಂತಕನೊಬ್ಬನ ಕಥೆ, 1968ರಲ್ಲಿ ಶುರು, 2021ರ ಜುಲೈನಲ್ಲಿ 201ನೇ ಸಂಪುಟ. ಆದರೆ ಸೈತೊ ಕೆಲಸ ಮಾಡಿದ್ದು ಕಾರ್ಖಾನೆ ಥರ. ಕಥೆ ಬರೆಯೋಕೆ ಬೇರೆ ಜನ, ಹಿನ್ನೆಲೆಗೆ ಬೇರೆ ಜನ. ಅದೇ ವರ್ಷ ಸೆಪ್ಟೆಂಬರಲ್ಲಿ ಅವರು ತೀರಿಕೊಂಡರೂ ಸರಣಿ ನಿಲ್ಲಲಿಲ್ಲ. ಹಾಗಾಗಿ ಅದನ್ನು ಒಬ್ಬರ ಲೆಕ್ಕಕ್ಕೆ ಹಾಕೋಕೆ ನನಗೆ ಮನಸ್ಸು ಬರಲ್ಲ.

ಪತ್ರಿಕೆಯ ಸ್ಟ್ರಿಪ್‌ಗಳನ್ನೂ, ಅಂದರೆ ದಿನಪತ್ರಿಕೆಯಲ್ಲಿ ಬರುವ ಕೆಲವೇ ಚೌಕದ ಕಾಮಿಕ್ಸನ್ನೂ ಸೇರಿಸಬಹುದು ಅಂದರೆ ನನ್ನ ಉತ್ತರ ಒಂದೇ: ಚಾರ್ಲ್ಸ್ ಶುಲ್ಜ್. ಪೀನಟ್ಸ್ 1950ರ ಅಕ್ಟೋಬರ್ 2ರಂದು ಶುರುವಾಯಿತು. ಒಟ್ಟು 17,897 ಸ್ಟ್ರಿಪ್. ಸಹಾಯಕರು ಇಲ್ಲ. ಐಡಿಯಾ, ಪೆನ್ಸಿಲ್, ಮಸಿ, ಅಕ್ಷರ ಎಲ್ಲವೂ ಒಂದೇ ಕೈ. 1981ರಲ್ಲಿ ಹೃದಯದ ಆಪರೇಷನ್ ಆಯಿತು. ಆಮೇಲಿನ ವರ್ಷಗಳಲ್ಲಿ ಕೈ ನಡುಗುತ್ತಿತ್ತು. 1950ರ ದಶಕದ ಒಂದು ಸ್ಟ್ರಿಪ್, 1990ರ ದಶಕದ ಇನ್ನೊಂದು ಪಕ್ಕಪಕ್ಕ ಇಟ್ಟು ನೋಡಿ. ಪೀನಟ್ಸ್ ನಾಯಕ ಚಾರ್ಲಿ ಬ್ರೌನ್‌ನ ತಲೆಯ ಗುಂಡು ಗೆರೆ ಮೊದಲು ಒಂದೇ ಎಳೆತದಲ್ಲಿ ಬಂದಿರುತ್ತೆ. ಆಮೇಲೆ ಅದೇ ಗೆರೆ ಸಣ್ಣ ಸಣ್ಣ ಅಲೆಯಾಗಿದೆ. ಅದನ್ನು ಅಳಿಸಿ ನೆಟ್ಟಗೆ ಮಾಡೋಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಲಿಲ್ಲ. 2000ದ ಫೆಬ್ರವರಿ 12ರ ರಾತ್ರಿ ತೀರಿಕೊಂಡರು. ಕೊನೆಯ ಸ್ಟ್ರಿಪ್ ಅಚ್ಚಾಗಿ ಬಂದಿದ್ದು ಮರುದಿನ ಬೆಳಗ್ಗೆ. ತಮ್ಮ ನಂತರ ಬೇರೆಯವರು ಪೀನಟ್ಸ್ ಸ್ಟ್ರಿಪ್ ಬಿಡಿಸಬಾರದು ಅನ್ನುವುದು ಅವರ ಆಸೆ. ಮನೆಯವರು ಅದನ್ನು ನಡೆಸಿಕೊಟ್ಟರು.

'ಅರ್ಧಕ್ಕೆ ನಿಂತರೆ ಏನು ಮಾಡುತ್ತಾರೆ?' ಅಂತ ಇದರ ಹಿಂದೆಯೇ ಕೇಳುವವರೂ ಇದ್ದಾರೆ. ಜಪಾನಿನ ಕೆಂಟಾರೊ ಮಿಯುರಾ 1989ರಿಂದ ಬರ್ಸರ್ಕ್ ಎನ್ನುವ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬಿಡಿಸುತ್ತಿದ್ದರು. 2021ರಲ್ಲಿ, 54ನೇ ವಯಸ್ಸಿಗೆ ತೀರಿಕೊಂಡರು. ಕಥೆ ಮುಗಿದಿರಲಿಲ್ಲ. ಅದು ಹೇಗೆ ಮುಗಿಯುತ್ತೆ ಅಂತ ಗೊತ್ತಿದ್ದವರು ಕೌಜಿ ಮೋರಿ ಒಬ್ಬರೇ. ಹೈಸ್ಕೂಲಿನಿಂದ ಗೆಳೆಯ, ಅವರೂ ಮಾಂಗಾ ಕಲಾವಿದ. ಎಷ್ಟೋ ವರ್ಷ ಹಿಂದೆ ಮಿಯುರಾ ಈ ಮೋರಿಗೆ ಕೊನೆಯವರೆಗೂ ಕಥೆ ಹೇಳಿದ್ದರಂತೆ. 2022ರಲ್ಲಿ ಮಿಯುರಾ ಅವರ ಸಹಾಯಕರೇ ಚಿತ್ರ ಬಿಡಿಸಿ, ಮೋರಿ ಮೇಲ್ವಿಚಾರಣೆಯಲ್ಲಿ ಸರಣಿ ಮತ್ತೆ ಶುರುವಾಯಿತು. ಮೋರಿ ಓದುಗರಿಗೆ ಮೊದಲೇ ಹೇಳಿಬಿಟ್ಟರು: ಗೆಳೆಯ ತನಗೆ ಹೇಳಿದ ಘಟನೆಗಳನ್ನಷ್ಟೇ ಕೊಡುತ್ತೇನೆ, ಸರಿಯಾಗಿ ನೆನಪಿಲ್ಲದ್ದನ್ನು ತಾನಾಗಿ ಸೇರಿಸುವುದಿಲ್ಲ.